ಸಂಘ ಯಾರ ಕೈಯಾಗ ಐತಿ ಅನ್ನೋದ ಮುಖ್ಯ

ಸವದತ್ತಿ ಸೀಮೆಯಲ್ಲಿ ದೇವದಾಸಿ ಪದ್ಧತಿ ಇನ್ನೂ ಇದೆಯಾ ಅಂತ ಕೇಳಿದ್ದೀರಿ. ಮೇಲು–ಕೀಳು ಕಡಿಮೆ ಮಾಡುವಂಥ ಹೊಸ ಪ್ರಯತ್ನ ಏನಾದರೂ ನಿಮ್ಮ ಕಡೆ ಫಲ ಕೊಟ್ಟಿದೆಯಾ ಅಂತಲೂ ಕೇಳಿದ್ದೀರಿ. ಬೆಳಗಾವಿ ಜಿಲ್ಲೆಯಲ್ಲಿ ಕೂತು ಯೋಚನೆ ಮಾಡಿದರೆ ನನಗೆ ಎರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಓದ್ರಿ.

ಹೊರಗಿನವರು ಬಹಳ ಮಂದಿ ಇದನ್ನು ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಭಕ್ತಿ ಇತ್ತು, ಭಯವೂ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಹುಡುಗಿಯನ್ನು ದೇವಿಗೆ ಬಿಡುವಾಗ ಕಟ್ಟುವ ಕೆಂಪು–ಬಿಳಿ ಮಣಿಯ ಮುತ್ತು ಯಾರ ಕೊರಳಿಗೆ ಬಿತ್ತು ಅಂತ ನೋಡ್ರಿ. ಹೆಚ್ಚುಪಾಲು ದಲಿತ ಕೇರಿಯ ಹೆಣ್ಣುಮಕ್ಕಳ ಕೊರಳಿಗೆ. ಮನೆಗೆ ಹೊಲ ಇಲ್ಲ, ಗಂಡುಮಗ ಇಲ್ಲ, ಹಿರಿಯರಿಗೆ ವಾಸಿಯಾಗದ ಬ್ಯಾನಿ. ಇಲ್ಲವೇ ಹುಡುಗಿಯ ತಲೆಯಲ್ಲಿ ಜಡೆ ಕಟ್ಟಿತು, ಸವದತ್ತಿ ಗುಡ್ಡದ ದೇವಿ ಯಲ್ಲಮ್ಮ ಕರೆದಳು ಅಂದರು. ಮುತ್ತು ಕಟ್ಟಿದರೆ ಮಗಳು ಗಂಡನ ಮನೆಗೆ ಹೋಗುವುದಿಲ್ಲ, ಮಗನಂತೆ ದುಡಿದು ತಂದೆ–ತಾಯಿಯನ್ನು ಸಾಕುತ್ತಾಳೆ. ಅವಳನ್ನು ಇಟ್ಟುಕೊಳ್ಳುತ್ತಿದ್ದವನು ಬಹಳ ಸಲ ಹೊಲಮನಿ ಇದ್ದ ದೊಡ್ಡ ಮನೆತನದವನೇ. ಅವನ ಆಸ್ತಿಯಲ್ಲಿ ಅವಳಿಗೆ ಪಾಲಿಲ್ಲ, ಹುಟ್ಟಿದ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ವಯಸ್ಸು ಇಳಿದ ಮೇಲೆ ಹೊಲದ ಕೂಲಿ, ಇಲ್ಲವೇ ಜೋಗ, ಅಂದರೆ ದೇವಿಯ ಹೆಸರಲ್ಲಿ ಭಿಕ್ಷೆ. ಎಷ್ಟೋ ಮಂದಿ ಅದಕ್ಕೂ ಮೊದಲೇ ಸಾಂಗ್ಲಿ, ಪುಣೆ, ಮುಂಬೈ ದಾರಿ ಹಿಡಿದಿದ್ದರು.

ಕಾನೂನು ಇರಲಿಲ್ಲವೇ? ನಮ್ಮ ಭಾಗದ ಬಹುಪಾಲು ಮುಂಬೈ ಪ್ರಾಂತ್ಯದಲ್ಲಿದ್ದಾಗ, 1934ರಲ್ಲೇ ಒಂದು ಬಂದಿತ್ತು. ಕರ್ನಾಟಕದ ಕಾಯ್ದೆ 1982ರದ್ದು, ಜಾರಿಗೆ ಬಂದದ್ದು 1984ರಲ್ಲಿ. ಅದರಲ್ಲಿ ಮುತ್ತು ಕಟ್ಟಿಸಿದವರಿಗೆ 3 ವರ್ಷದ ತನಕ ಜೈಲು, ಹೆತ್ತವರೇ ಕಟ್ಟಿಸಿದ್ದರೆ 5 ವರ್ಷದ ತನಕ ಅಂತ ಇತ್ತು. ಮಕ್ಕಳನ್ನು ಕಾಪಾಡಲು ಬರೆದ ಕಾಯ್ದೆ ಸರಿ, ಆದರೆ ಹೆತ್ತ ತಾಯಿಯನ್ನು ಒಳಗೆ ಹಾಕಿಸಲು ಯಾವ ಮಗಳು ಠಾಣೆ ಮೆಟ್ಟಿಲು ಹತ್ತುತ್ತಾಳೆ? ಜಾತ್ರೆಯಲ್ಲಿ ಪೊಲೀಸರ ಕಣ್ಣು ಬಿದ್ದ ಮೇಲೆ ಈ ಕೆಲಸ ಸಣ್ಣ ಗುಡಿಗಳಿಗೆ, ಮನೆಯೊಳಗಿನ ಜಗಲಿಗೆ ಸರಿಯಿತು. ಇನ್ನು ಗಡಿಯ ಮಾತು. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಬರುವವರಲ್ಲಿ ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರ ಕಡೆಯವರು ಬೇಕಾದಷ್ಟು. ದೇವಿ ಒಬ್ಬಳೇ, ಸೋಯರಿಕೆಯೂ ಆಚೆ–ಈಚೆ ನಡೆದೇ ಇದೆ. ಮಹಾರಾಷ್ಟ್ರ ತನ್ನ ಹೊಸ ಕಾಯ್ದೆ ಮಾಡಿದ್ದು 2005ರಲ್ಲಿ. ನಮ್ಮ ಕಾಯ್ದೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು.

ಬದಲಾವಣೆ ಬಂದದ್ದು ಬೇರೆ ದಾರಿಯಿಂದ. 1990ರ ದಶಕದ ಶುರುವಿನಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ, ಹಳ್ಳಿಗಳಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆ ಮೈರಾಡ ಸೇರಿ ನಮ್ಮ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರ ಸಂಘ ಕಟ್ಟಲು ಹೊರಟವು. ಅದೇ ಕೆಲಸ ಮುಂದೆ ಆ ಹೆಣ್ಣುಮಕ್ಕಳ ಕೈಗೇ ಬಂತು. 1997ರಲ್ಲಿ ಗೋಕಾಕ ಹತ್ತಿರದ ಘಟಪ್ರಭಾದಲ್ಲಿ ಅವರದೇ ಸಂಸ್ಥೆ ನೋಂದಣಿಯಾಯಿತು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರ ಬಾಯಲ್ಲಿ ‘ಮಾಸ್’. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೂ ಬಾಲ್ಯದಲ್ಲೇ ಮುತ್ತು ಕಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಸಂಘದ ರೀತಿ ಸರಳ. ಹದಿನೈದು–ಇಪ್ಪತ್ತು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂಡುತ್ತಾರೆ, ಕೈಲಾದಷ್ಟು ಉಳಿತಾಯ ಹಾಕುತ್ತಾರೆ, ಯಾರಿಗೆ ಮೊದಲು ಸಾಲ ಅಂತ ಅವರೇ ಠರಾವು ಮಾಡುತ್ತಾರೆ. ಎಮ್ಮೆಗೆ, ಆಡಿಗೆ, ಮಗಳ ಫೀಗೆ, ದವಾಖಾನೆಗೆ. ಬಡ್ಡಿ ಸಂಘದಲ್ಲೇ ಉಳಿಯುತ್ತದೆ. 1992ರಲ್ಲಿ ಕೃಷಿ–ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿದ ಮೇಲೆ, ಅಡವಿಡಲು ಏನೂ ಇಲ್ಲದವರಿಗೂ ಬ್ಯಾಂಕಿನ ಬಾಗಿಲು ತೆರೆಯಿತು. ಆದರೆ ನನ್ನ ಲೆಕ್ಕದಲ್ಲಿ ರೊಕ್ಕಕ್ಕಿಂತ ದೊಡ್ಡದು ಇನ್ನೊಂದು. ಗೌಡರ ಮನೆಯಲ್ಲಾಗಲಿ ಸಾಹೇಬರ ಕಚೇರಿಯಲ್ಲಾಗಲಿ ಒಬ್ಬಳೇ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಇಪ್ಪತ್ತು ಮಂದಿ ಹೋದಾಗ ಕುರ್ಚಿ ಹಾಕಿದರು. ಯಾವ ಮನೆಯಲ್ಲಿ ಮುತ್ತಿನ ಮಾತು ನಡೆದಿದೆ ಅನ್ನೋದು ಅಧಿಕಾರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ. ಇವರು ಹೋಗಿ ಆ ತಾಯಿ ಎದುರು ಕೂತು, “ಯವ್ವಾ, ನಾ ಉಂಡ ಕಷ್ಟ ನಿನ್ನ ಮಗಳಿಗೆ ಬ್ಯಾಡ” ಅಂದರೆ ಅದಕ್ಕೆ ತಿರುಗಿ ಉತ್ತರ ಕೊಡುವುದು ಕಷ್ಟ. ಬೆಂಗಳೂರಿನಿಂದ ಬಂದ ಎಷ್ಟು ಓದಿದವರು ಹೇಳಿದರೂ ಆ ಮಾತಿಗೆ ಆ ತೂಕ ಬರುವುದಿಲ್ಲ.

ಈಗ ಇದರ ಪಕ್ಕದಲ್ಲಿ ಇನ್ನೊಂದನ್ನು ನೋಡಬೇಕು. ಅದೇ ಕೇರಿ, ಅದೇ ಹೆಣ್ಣುಮಕ್ಕಳು, ಅದೇ ವಾರದ ಸಭೆ, ಆದರೆ ನಡುವೆ ಕೂತವನು ಮೈಕ್ರೋಫೈನಾನ್ಸ್ ಹುಡುಗ, ಅಂದರೆ ಸಣ್ಣ ಸಾಲ ಕೊಡುವ ಕಂಪನಿಯವನು. ಅಲ್ಲೂ ಗುಂಪು ಇದೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಅವಳ ಮನೆ ಮುಂದೆ ಕೂರಬೇಕು. ಸಾಲ ಎಷ್ಟು, ಯಾರಿಗೆ, ಯಾವಾಗ ಅನ್ನೋದು ಇನ್ನೆಲ್ಲೋ ತೀರ್ಮಾನವಾಗಿರುತ್ತದೆ, ಬಡ್ಡಿ ಊರು ಬಿಟ್ಟು ಹೋಗುತ್ತದೆ. ಒಂದರ ಸಾಲ ತೀರಿಸಲು ಇನ್ನೊಂದರ ಸಾಲ ಎತ್ತಿ, ಕಡೆಗೆ ಊರೇ ಬಿಟ್ಟವರು ನಮ್ಮಲ್ಲಿ ಇದ್ದಾರೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು ಅಂತ ಮಾಡಬೇಕಾಯಿತು. ಹೊರಗಿನಿಂದ ನೋಡಿದವರಿಗೆ ಎರಡೂ ‘ಮಹಿಳಾ ಗುಂಪು’. ದಯಮಾಡಿ ಎರಡನ್ನೂ ಒಂದೇ ಖಾತೆಗೆ ಬರೆಯಬೇಡಿ. ಒಂದರಲ್ಲಿ ಠರಾವು ಅವರದು, ಇನ್ನೊಂದರಲ್ಲಿ ಸಹಿ ಮಾತ್ರ ಅವರದು.

ಹಾಗಾದರೆ ಪದ್ಧತಿ ಮುಗಿಯಿತಾ ಅಂದರೆ, ಜಾತ್ರೆಯಲ್ಲಿ ಬಹಿರಂಗವಾಗಿ ನಡೆಯುತ್ತಿದ್ದುದು ಹೋಗಿದೆ. ಅದರ ಹೊರೆ ಹೋಗಿಲ್ಲ. ಸರ್ಕಾರ 1993–94ರಲ್ಲಿ ಮತ್ತೆ 2007–08ರಲ್ಲಿ ಎಣಿಕೆ ಮಾಡಿ, ರಾಜ್ಯದಲ್ಲಿ ಒಟ್ಟು 46,660 ಮಂದಿಯ ಪಟ್ಟಿ ಮಾಡಿತು. ಮಾಸಾಶನ, ಮನೆ, ಸಾಲ ಎಲ್ಲವೂ ಆ ಪಟ್ಟಿ ಹಿಡಿದೇ. ಆಗ ದುಡಿಯಲು ಹೊರಗೆ ಹೋಗಿದ್ದವರು, ಮಕ್ಕಳ ಮದುವೆಗೆ ಅಡ್ಡಿ ಆದೀತು ಅಂತ ಹೆಸರು ಬರೆಸದವರು ಬಿಟ್ಟುಹೋದರು. ಅವರಲ್ಲಿ ಬಹಳ ಮಂದಿ ಈಗ ಮುದುಕಿಯರು. ಮರು ಎಣಿಕೆ ಆಗಲಿ ಅಂತ ವರ್ಷಗಟ್ಟಲೆ ಧರಣಿ ಕೂತವರಲ್ಲಿ ಇವರೇ ಮುಂದೆ.

ಎರಡನೆಯ ಹೊರೆ ಮಕ್ಕಳದು. ಶಾಲೆ ಅರ್ಜಿಯಿಂದ ಹಿಡಿದು ಜಾತಿ ಪ್ರಮಾಣಪತ್ರದ ತನಕ ‘ತಂದೆಯ ಹೆಸರು’ ಕೇಳುವ ಸಾಲಿನ ಮುಂದೆ ಅವರು ನಿಂತುಬಿಡುತ್ತಿದ್ದರು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯಲ್ಲಿ, ಆ ಹೆಸರು ಹೇಳಲೇಬೇಕು ಅನ್ನುವ ಬಲವಂತ ಇರಬಾರದು ಅಂತ ಬರೆದಿದ್ದಾರೆ. ಇದಕ್ಕಾಗಿ ದೇವದಾಸಿ ತಾಯಂದಿರು, ಅವರ ಮಕ್ಕಳು ಬಹಳ ವರ್ಷ ಓಡಾಡಿದ್ದಾರೆ. ಹೊಲದ ಪ್ರಶ್ನೆ ಮಾತ್ರ ಹಾಗೇ ಇದೆ. ಎಮ್ಮೆ ಸಾಲ ಸಿಕ್ಕರೂ ಮೇವಿಗೆ ಇನ್ನೊಬ್ಬರ ಬದುವಿಗೇ ಹೋಗಬೇಕು. ನಮ್ಮ ಕಡೆ ಕೆಲಸ ಮಾಡಲು ಬರುವ ಆಲೋಚನೆ ನಿಮಗಿದ್ದರೆ ಹೊಸ ಯೋಜನೆ ಬರೆದುಕೊಂಡು ಬರಬೇಡ್ರಿ. ಘಟಪ್ರಭಾಕ್ಕೆ ಹೋಗಿ, ಸಂಘದ ಸಭೆಯಲ್ಲಿ ಕೂತು, ಎರಡು ಎಕರೆ ಹೊಲ ತಮ್ಮ ಹೆಸರಿಗೆ ಆಗಲು ಏನೇನು ಅಡ್ಡ ಬಂದಿದೆ ಅಂತ ಅವರನ್ನೇ ಕೇಳ್ರಿ.