ಪುಕ್ಕಟೆ ಜಮೀನು, ದುಡ್ಡಿನ ಬೇಲಿ

ಪ್ರಶ್ನೆ: ಅಮೆರಿಕದಲ್ಲಿ ಹಿಂದೆ ಸರ್ಕಾರವೇ 160 ಎಕರೆ ಪುಕ್ಕಟೆ ಕೊಡುತ್ತಿತ್ತಂತೆ. ಆದರೂ ಎಷ್ಟೋ ಜನ ಬಿಟ್ಟು ಹೋದರಂತೆ. ಯಾಕೆ? ಆ ಕಾಲದ ಕಾರ್ಖಾನೆಗಳಿಗೂ ಇದಕ್ಕೂ ಏನಾದರೂ ನಂಟಿದೆಯೇ?

ಉತ್ತರ: ಜಮೀನು ಪುಕ್ಕಟೆ, ನಿಜ. ಬೇಲಿ ಪುಕ್ಕಟೆ ಅಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದಾಗ ನಾನು ಕಾರ್ಖಾನೆಗೊಂದು ಪಾಠ, ವಲಸೆಗೊಂದು ಪಾಠ ಅಂತ ಬೇರೆ ಬೇರೆ ಮಾಡುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು, 'ಮರವೇ ಇಲ್ಲದ ಕಡೆ ಬೇಲಿ ಹೇಗೆ ಹಾಕಿದ್ರು ಸಾರ್?' ಅಂದ. ಎರಡೂ ಒಂದೇ ಕಥೆ ಅಂತ ನನಗೆ ಹೊಳೆದದ್ದು ಅವತ್ತು.

1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 10 ಡಾಲರ್ ಕಟ್ಟಿ ಅರ್ಜಿ ಹಾಕಬೇಕು. ಐದು ವರ್ಷ ಅಲ್ಲೇ ವಾಸ ಮಾಡಿ ಉಳುಮೆ ಮಾಡಿದರೆ ಹಕ್ಕುಪತ್ರ. ಒಂಟಿ ಹೆಂಗಸರೂ ಅರ್ಜಿ ಹಾಕಬಹುದಿತ್ತು. ಆದರೆ ನೆಬ್ರಾಸ್ಕ, ಕ್ಯಾನ್ಸಸ್‌ನ ಬಯಲಲ್ಲಿ ಮರ ಎಲ್ಲಿಂದ ಬರಬೇಕು? ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನೇ ಇಟ್ಟಿಗೆಯ ಹಾಗೆ ಕತ್ತರಿಸಿ ಮನೆ ಕಟ್ಟಿದರು. ಮಳೆ ಬಂದರೆ ಸೂರಿನಿಂದ ಕೆಸರು ಸೋರುತ್ತಿತ್ತು. ಒಲೆಗೆ ಒಣಗಿದ ಸಗಣಿ.

ಮನೆಯೇನೋ ಮಣ್ಣಲ್ಲಿ ಆಯ್ತು, ದನ ನುಗ್ಗದ ಹಾಗೆ ಹೊಲ ಕಾಯುವುದು ಹೇಗೆ? ಇಲಿನಾಯ್‌ನ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಮುಳ್ಳು ಬಾಗಿಸಲು ಅವನು ಬಳಸಿದ್ದು ಕಾಫಿಬೀಜ ಪುಡಿಮಾಡುವ ಕೈಯಂತ್ರವನ್ನಂತೆ! ಮುಳ್ಳು ಜಾರದಿರಲಿ ಅಂತ ಇನ್ನೊಂದು ತಂತಿಯನ್ನು ಹುರಿಯ ಹಾಗೆ ಸುತ್ತಿದ. ಉಪಾಯ ಅಷ್ಟೇ. ಮುಂದಿನದ್ದು ಕಾರ್ಖಾನೆಗಳ ಕೆಲಸ. ಸುರುಳಿ ಸುರುಳಿ ತಂತಿ ರೈಲು ಹತ್ತಿ ಪಶ್ಚಿಮಕ್ಕೆ ಹೋಯಿತು. ನೇಗಿಲು, ಗಾಳಿಯಂತ್ರ, ಮರದ ಹಲಗೆ ಎಲ್ಲ ಹೋದದ್ದೂ ಹಾಗೇ. ವಾಪಸ್ ಬರುವಾಗ ಅದೇ ರೈಲಿನಲ್ಲಿ ಗೋಧಿ, ದನ. ಹೋಗುವಾಗಲೂ ಬಾಡಿಗೆ, ಬರುವಾಗಲೂ ಬಾಡಿಗೆ. ಎಷ್ಟೋ ಕಡೆ ಊರಿಗೆ ಒಂದೇ ರೈಲು ಕಂಪನಿ. ಅವರು ಹೇಳಿದ್ದೇ ದರ. ರೈತರು ಕೂಗಾಡಿದರು, 1887ರಲ್ಲಿ ದರದ ಮೇಲೆ ಕಣ್ಣಿಡಲು ಆಯೋಗ ಬಂತು.

ಅಷ್ಟರಲ್ಲಿ ಸಾಲ ಬೆಳೆದಿತ್ತು, ಗೋಧಿ ಬೆಲೆ ಇಳಿದಿತ್ತು. 1874ರಲ್ಲಿ ಮಿಡತೆಗಳು ಪೈರೆಲ್ಲ ತಿಂದು ಹಾಕಿದ್ದವು. ಇನ್ನೂ ಪಶ್ಚಿಮಕ್ಕೆ ಹೋದಂತೆ ಮಳೆಯೇ ಕಡಿಮೆ, ಅಲ್ಲಿ 160 ಎಕರೆ ಏನಕ್ಕೂ ಸಾಲದು. ಬಿಟ್ಟು ಹೋಗದೆ ಏನು ಮಾಡ್ತಾರೆ ಹೇಳಿ?

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದು ಒಂದಿದೆ. ಆ 'ಪುಕ್ಕಟೆ' ಜಮೀನು ಖಾಲಿ ಬಿದ್ದಿರಲಿಲ್ಲ. ಅಲ್ಲಿ ಲಕೋಟ, ಶಯೆನ್, ಪಾನಿ ಎಂಬ ಮೂಲನಿವಾಸಿ ಜನರಿದ್ದರು. ಅವರು ನಂಬಿ ಬದುಕಿದ್ದ ಬೈಸನ್ (ಕಾಡೆಮ್ಮೆಯಂಥ ಪ್ರಾಣಿ) ಹಿಂಡುಗಳ ಚರ್ಮ ಪೂರ್ವಕ್ಕೆ ಹೋದದ್ದೂ ರೈಲಿನಲ್ಲೇ. ಆ ಚರ್ಮ ಕಾರ್ಖಾನೆಯ ಯಂತ್ರಗಳಿಗೆ ಬೆಲ್ಟ್ ಆಯಿತು.

ಪ್ರಶ್ನೆ: ರೈಲಿಗೋಸ್ಕರ ಅಮೆರಿಕದವರು ಗಡಿಯಾರವನ್ನೇ ಬದಲಿಸಿಕೊಂಡರು ಅನ್ನುವುದು ನಿಜವೇ?

ಉತ್ತರ: ನಿಜ. ಅಲ್ಲಿಯವರೆಗೆ ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು, ಹಾಗಾಗಿ ಊರೂರಿಗೂ ಅದರದೇ ಮಧ್ಯಾಹ್ನ. 1883ರ ನವೆಂಬರ್ 18, ಭಾನುವಾರ, ರೈಲು ಕಂಪನಿಗಳು ತಾವೇ ಮಾತಾಡಿಕೊಂಡು ಸಮಯದ ವಲಯಗಳನ್ನು (ಒಂದು ವಲಯದ ಊರುಗಳಿಗೆಲ್ಲ ಒಂದೇ ಗಂಟೆ) ಜಾರಿಗೆ ತಂದವು. ಕೆಲವು ಊರುಗಳಲ್ಲಿ ಅವತ್ತು ಎರಡು ಸಲ ಹನ್ನೆರಡು ಹೊಡೆಯಿತು. ಸರ್ಕಾರ ಇದಕ್ಕೆ ಕಾನೂನು ಮಾಡಿದ್ದು 1918ರಲ್ಲಿ!