21ನೇ ದಿನದ ಟೆಸ್ಟ್ ಕಮ್ಮಿ ಬಂದರೆ ಅಂಡಾಣು ಬಿಡುಗಡೆ ಆಗ್ತಿಲ್ಲ ಅಂತಾನಾ?

ನಿಮಗೆ 34 ದಿನಕ್ಕೊಮ್ಮೆ ಮುಟ್ಟು ಬರುತ್ತದೆ, ಮುಟ್ಟು ಶುರುವಾದ ದಿನದಿಂದ ಎಣಿಸಿ 21ನೇ ದಿನ ಪ್ರೊಜೆಸ್ಟರಾನ್ (ಅಂಡಾಣು ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್) ಟೆಸ್ಟ್ ಮಾಡಿಸಿದ್ದೀರಿ, ತೀರಾ ಕಮ್ಮಿ ಬಂದಿದೆ, ಹಾಗಾದರೆ ನನ್ನ ಅಂಡಾಶಯ ಕೆಲಸವೇ ಮಾಡುತ್ತಿಲ್ಲವಾ ಅಂತ ಕೇಳಿದ್ದೀರಿ. ಆ ಒಂದು ರಿಪೋರ್ಟ್ ನೋಡಿ ಹಾಗೆ ಹೇಳೋಕೆ ಬರುವುದಿಲ್ಲ. ನಿಮ್ಮ ಚಕ್ರಕ್ಕೆ 21ನೇ ದಿನ ತುಂಬಾ ಬೇಗ ಆಯಿತು.

ನಾನು ಡಾಕ್ಟರ್ ಅಲ್ಲ. ಆದರೆ ಇಂಥದ್ದೇ ರಿಪೋರ್ಟ್ ಒಂದು ಸಲ ನನ್ನ ಕೈಯಲ್ಲೂ ಇತ್ತು. ನನ್ನದು 35 ದಿನದ ಚಕ್ರ. 21ನೇ ದಿನ ರಕ್ತ ಕೊಟ್ಟೆ, 0.7 ಅಂತ ಬಂತು. ಅದರ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದು, ಅಂಡಾಣು ಬಿಡುಗಡೆ ಆಗುತ್ತಿಲ್ಲ ಅಂದುಬಿಟ್ಟರು. ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತೀರಿ ಅಂತ ಯಾರೂ ಕೇಳಲಿಲ್ಲ. ಎರಡು ತಿಂಗಳು ಆ ಕಾಗದ ಬಿಚ್ಚುವುದು, ಅಳುವುದು, ಮತ್ತೆ ಮಡಚಿ ಇಡುವುದು, ಇದೇ ಆಯಿತು. ಆಮೇಲೆ ಹೋದ ಇನ್ನೊಬ್ಬ ಡಾಕ್ಟರ್ ಮೊದಲು ಕೇಳಿದ್ದೇ ಆ ಪ್ರಶ್ನೆ. 28ನೇ ದಿನ ಮತ್ತೆ ರಕ್ತ ಕೊಡಿ ಅಂದರು. 11.4 ಬಂತು. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರೋಕೆ ಆಗಲಿಲ್ಲ.

ಏನಾಗುತ್ತದೆ ಅಂದರೆ, ಮುಟ್ಟು ಶುರುವಾದ ಹೊತ್ತಿಗೆ ಮೆದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಕಳಿಸುತ್ತಿರುತ್ತದೆ. ಅದರಿಂದ ಅಂಡಾಶಯದಲ್ಲಿ ಕೆಲವು ಪುಟ್ಟ ನೀರುಗುಳ್ಳೆಗಳು ಬೆಳೆಯುತ್ತವೆ, ಒಂದೊಂದರ ಒಳಗೂ ಒಂದೊಂದು ಅಂಡಾಣು. ಸ್ಕ್ಯಾನಿಂಗ್‌ನಲ್ಲಿ ಫಾಲಿಕಲ್ ಅನ್ನುವುದು ಇದಕ್ಕೇ. ಸಾಮಾನ್ಯವಾಗಿ ಒಂದು ಮಾತ್ರ ದೊಡ್ಡದಾಗುತ್ತದೆ, ಮಿಕ್ಕವು ಬತ್ತಿಹೋಗುತ್ತವೆ. ಬೆಳೆಯುವ ಫಾಲಿಕಲ್ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಬಿಡುತ್ತದೆ. ಗರ್ಭಕೋಶದ ಒಳಪದರ ದಪ್ಪ ಆಗುವುದು, ಬಿಳಿ ಸ್ರಾವ ಮೊಟ್ಟೆಯ ಬಿಳಿಯ ಹಾಗೆ ತೆಳ್ಳಗೆ, ಬೆರಳಲ್ಲಿ ಎಳೆದರೆ ಎಳೆ ಬರುವಂತೆ ಆಗುವುದು, ಎಲ್ಲಾ ಇದರಿಂದಲೇ. ಈಸ್ಟ್ರೋಜನ್ ಚೆನ್ನಾಗಿ ಏರಿದಾಗ ಪಿಟ್ಯುಟರಿ ಎಲ್‌ಎಚ್ ಅನ್ನೋ ಇನ್ನೊಂದು ಹಾರ್ಮೋನನ್ನು ಒಮ್ಮೆಲೇ ಸುರಿಯುತ್ತದೆ. ಆಗ ಫಾಲಿಕಲ್ ಸುಮಾರು 2 ಸೆಂಟಿಮೀಟರ್ ಆಗಿರುತ್ತದೆ. ಎಲ್‌ಎಚ್ ಏರಲು ಶುರುವಾದ ಸುಮಾರು 36 ಗಂಟೆಗೆ ಅದು ಒಡೆದು ಅಂಡಾಣು ಹೊರಬರುತ್ತದೆ.

ಇಲ್ಲಿಯವರೆಗಿನ ಭಾಗಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಒಬ್ಬರಿಗೆ 12 ದಿನ ಸಾಕು, ಇನ್ನೊಬ್ಬರಿಗೆ 21 ಬೇಕು. ಜ್ವರ ಬಂದರೆ, ಟೆನ್ಷನ್ ಜಾಸ್ತಿ ಆದರೆ, ತೂಕ ಸಿಕ್ಕಾಪಟ್ಟೆ ಇಳಿದರೆ ಅದೇ ಹೆಂಗಸಿಗೂ ಮುಂದಕ್ಕೆ ಹೋಗಬಹುದು. ಮುಟ್ಟು ತಡ ಆಯಿತು ಅಂತೀವಲ್ಲ, ಹೆಚ್ಚಿನ ಸಲ ತಡ ಆಗಿರುವುದು ಈ ಭಾಗ.

ಆಮೇಲಿನದು ನನಗೆ ಈಗಲೂ ಬೆರಗು. ಒಡೆದ ಫಾಲಿಕಲ್ ಅಲ್ಲೇ ಒಂದು ಹಳದಿ ಗ್ರಂಥಿಯಾಗಿ ಬದಲಾಗುತ್ತದೆ. ಪ್ರತಿ ತಿಂಗಳು ಹೊಸದಾಗಿ ಹುಟ್ಟುವ ಗ್ರಂಥಿ ಇದು, ಆಯಸ್ಸು ಬರೀ ಎರಡು ವಾರ! ಪ್ರೊಜೆಸ್ಟರಾನ್ ಮಾಡುವುದು ಇದರ ಕೆಲಸ. ಬಸಿರಾದರೆ ಭ್ರೂಣದ ಕಡೆಯಿಂದ ಬರುವ ಹಾರ್ಮೋನ್ ಎಚ್‌ಸಿಜಿ ಇದನ್ನು ಉಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಇದು ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಒಳಪದರ ಕಳಚಿ ಮುಟ್ಟಾಗುತ್ತದೆ. ಈ ಭಾಗ ಒಂದೆರಡು ದಿನ ಆಚೀಚೆ ಆದರೂ 14 ದಿನದ ಹತ್ತಿರವೇ ಇರುತ್ತದೆ. ಅಂಡಾಣು ಬಿಡುಗಡೆಯ ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು ಅಂತ 1920ರ ದಶಕದಲ್ಲೇ ಜಪಾನಿನ ಡಾಕ್ಟರ್ ಕ್ಯುಸಾಕು ಒಗಿನೊ, ಆಸ್ಟ್ರಿಯಾದ ಡಾಕ್ಟರ್ ಹರ್ಮನ್ ಕ್ನೌಸ್ ಬೇರೆ ಬೇರೆಯಾಗಿ ಕಂಡುಕೊಂಡಿದ್ದರು.

ಈಗ ನಿಮ್ಮ ಲೆಕ್ಕ ನೋಡಿ. 34ರಲ್ಲಿ 14 ಕಳೆದರೆ 20. ಅಂದರೆ ನೀವು ರಕ್ತ ಕೊಟ್ಟಿದ್ದು ಅಂಡಾಣು ಬಿಡುಗಡೆಯಾದ ಮಾರನೇ ದಿನ ಇರಬಹುದು, ಆ ಗ್ರಂಥಿ ಆಗಷ್ಟೇ ಕೆಲಸ ಶುರುಮಾಡಿರುತ್ತದೆ. ಪ್ರೊಜೆಸ್ಟರಾನ್ ತುದಿ ಮುಟ್ಟುವುದು ಅದಾಗಿ ಸುಮಾರು 7 ದಿನಕ್ಕೆ. 28 ದಿನದ ಚಕ್ರದವರಿಗೆ ಅದು 21ನೇ ದಿನ ಬರುತ್ತದೆ, ಈ ಟೆಸ್ಟಿಗೆ ಆ ಹೆಸರು ಬಿದ್ದಿದ್ದೇ ಹಾಗೆ. ನಿಮಗೆ ಅದು 27ನೇ ದಿನ. ಆಗ ಒಂದು ಮಿಲಿಲೀಟರ್‌ಗೆ 3 ನ್ಯಾನೋಗ್ರಾಂಗಿಂತ ಜಾಸ್ತಿ ಬಂದರೆ ಅಂಡಾಣು ಬಿಡುಗಡೆ ಆಗಿದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಯೂನಿಟ್ ನೋಡಿಕೊಳ್ಳಿ, ಕೆಲವು ಲ್ಯಾಬ್‌ಗಳು ನ್ಯಾನೋಮೋಲ್‌ನಲ್ಲಿ ಕೊಡುತ್ತವೆ, ಅಲ್ಲಿ ಅದೇ ರಕ್ತಕ್ಕೆ ಸಂಖ್ಯೆ ಮೂರು ಪಟ್ಟು ಕಾಣುತ್ತದೆ.

ಸರಿಯಾದ ದಿನ ಮಾಡಿಸಿದರೂ ಕಮ್ಮಿ ಬಂದರೆ ಡಾಕ್ಟರ್ ಹತ್ತಿರ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಬಿಡುಗಡೆ ತಪ್ಪುವ ತೊಂದರೆ) ಬಗ್ಗೆ ಕೇಳಿ. ಚಕ್ರ 35 ದಿನ ದಾಟುತ್ತಾ ಹೋದರೆ, ಮೂರು ತಿಂಗಳು ಮುಟ್ಟೇ ಬರದಿದ್ದರೆ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋದರೆ ಟೆಸ್ಟಿನ ದಿನಕ್ಕೆ ಕಾಯಬೇಡಿ, ಮೊದಲೇ ತೋರಿಸಿ. ಮಗುವಿಗಾಗಿ ಒಂದು ವರ್ಷದಿಂದ ಪ್ರಯತ್ನ ಪಡುತ್ತಿದ್ದರೂ ಅಷ್ಟೇ, ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ.

ಇನ್ನೊಂದು ಮಾತು, ರಕ್ತ ಕೊಟ್ಟ ತಾರೀಕನ್ನು ರಿಪೋರ್ಟ್ ಮೇಲೇ ಬರೆದಿಡಿ. ಮುಂದಿನ ಮುಟ್ಟು ಬಂದ ದಿನ ಆ ತಾರೀಕನ್ನೂ ಪಕ್ಕದಲ್ಲಿ ಬರೆಯಿರಿ. ನಡುವೆ 5ರಿಂದ 9 ದಿನ ಇದ್ದರೆ ಆ ಸಂಖ್ಯೆಯನ್ನು ನಂಬಬಹುದು. 13 ದಿನ ಇದ್ದರೆ, ಎಷ್ಟೇ ಕಮ್ಮಿ ಇರಲಿ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹಳೇ ರಿಪೋರ್ಟಿಗೂ ಇದೇ ಲೆಕ್ಕ ಹಾಕಿ ನೋಡಿ, ಆಮೇಲೆ ಎರಡು ತಾರೀಕನ್ನೂ ಡಾಕ್ಟರ್‌ಗೆ ತೋರಿಸಿ.