ಇನ್ಸುಲಿನ್ ಮೆಮೊ, ಡ್ಯೂಟಿ ಚಾರ್ಟ್

ಸಲಹಾರ್ಥಿ 31 ವರ್ಷದ ಸ್ಟಾಫ್ ನರ್ಸ್, 90 ಹಾಸಿಗೆಗಳ ಖಾಸಗಿ ಆಸ್ಪತ್ರೆ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಕೌನ್ಸೆಲಿಂಗ್‌ಗೆ ನಮ್ಮಲ್ಲಿಗೆ ಕಳಿಸಿದ್ದು ಆಸ್ಪತ್ರೆಯ ಎಚ್‌ಆರ್ (ಸಿಬ್ಬಂದಿ) ವಿಭಾಗ; ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: ‘ಕೆಲಸದಲ್ಲಿ ಗಮನವಿಲ್ಲ, ಸಿಡುಕು. ಕೌನ್ಸೆಲಿಂಗ್ ಕೊಡಿ.’

ಆಸ್ಪತ್ರೆಯೇ ಶುಲ್ಕ ಕಟ್ಟುವಾಗ ಮೊದಲು ಗೋಪ್ಯತೆಯ ಗಡಿ ಹಾಕಬೇಕು. ಭೇಟಿಗೆ ಬಂದರೋ ಇಲ್ಲವೋ ಎಂಬುದಷ್ಟೇ ಎಚ್‌ಆರ್‌ಗೆ. ಉಳಿದದ್ದು ಆಕೆಯ ಲಿಖಿತ ಒಪ್ಪಿಗೆಯಿಲ್ಲದೆ ಹೋಗದು, ಪ್ರಾಣಾಪಾಯದ ಸಂದರ್ಭ ಬಿಟ್ಟು. ಇದನ್ನು ಇಬ್ಬರಿಗೂ ಬರೆದುಕೊಟ್ಟ ಮೇಲೆಯೇ ಆಕೆ ಬಾಯಿಬಿಟ್ಟಿದ್ದು.

ನಡೆದದ್ದಿಷ್ಟು. ಡಬಲ್ ಡ್ಯೂಟಿಯ (ಒಂದರ ಹಿಂದೆ ಒಂದು, ಎರಡು ಪಾಳಿ) ಕೊನೆಯಲ್ಲಿ, ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗೆ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆಂದು ಗೆರೆ ಹಾಕಿದ ಕೆಂಪು ಮುಚ್ಚಳದ ಸಿರಿಂಜ್ ಹಾಕಿ 10ರ ಗೆರೆವರೆಗೆ ಎಳೆದಿದ್ದರು. ಸಿರಿಂಜಿನೊಳಗೆ ಬಂದದ್ದು 25 ಯೂನಿಟ್, ಬೇಕಾದದ್ದರ ಎರಡೂವರೆ ಪಟ್ಟು. ಚುಚ್ಚುವ ಮೊದಲೇ ಜೊತೆಯ ಸಿಸ್ಟರ್ ತಡೆದರು. ಈಕೆ ತಾವಾಗಿಯೇ ರಿಜಿಸ್ಟರಿನಲ್ಲಿ ಬರೆದಿಟ್ಟರು. ವಿವರಣೆ ಕೇಳುವ ಮೆಮೊ ಬಂದದ್ದು ಬರೆದವರಿಗೇ. ಆ ವಾರ್ಡಿನಲ್ಲಿ ಇನ್ನು ಯಾರಾದರೂ ಬರೆಯುತ್ತಾರೆಯೇ? ಈಕೆ ರಾಜೀನಾಮೆ ಕೊಟ್ಟಾಗ ಆಸ್ಪತ್ರೆಯವರು ಬಾಂಡ್ (ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ತೋರಿಸಿ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಂಡಿದ್ದರು.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9ರಲ್ಲಿ ಆಕೆಯ ಅಂಕ 11, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಸಾವಿನ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಆದರೆ ಹೆಚ್ಚು ಹೇಳಿದ್ದು ಡ್ಯೂಟಿ ಚಾರ್ಟ್. ಸತತ ಏಳು ನೈಟ್. ಸಂಜೆ ಪಾಳಿ 8.30ಕ್ಕೆ ಮುಗಿದರೆ ಮರುದಿನ 7.30ಕ್ಕೆ ಮತ್ತೆ ಹಾಜರಿ. ನಡುವಿನ 11 ಗಂಟೆಯಲ್ಲೇ ಹ್ಯಾಂಡ್‌ಓವರ್ (ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು), ಬಸ್ಸು, ಅಡುಗೆ, ಮಗು.

ಆಕೆಯ 30 ಹಾಸಿಗೆಯ ವಾರ್ಡಿಗೆ ಬೆಳಿಗ್ಗೆ 5, ಸಂಜೆ 4, ರಾತ್ರಿ 3 ನರ್ಸ್ ಎಂದಿಟ್ಟರೆ ದಿನಕ್ಕೆ 12 ಪಾಳಿ, ವರ್ಷಕ್ಕೆ 4,380. ವಾರದ ಆಫ್, ಹಬ್ಬ, ರಜೆ, ಕಾಯಿಲೆ ಕಳೆದರೆ ಒಬ್ಬರು ಸುಮಾರು 270 ಪಾಳಿ ಮಾಡಬಲ್ಲರು. ಬೇಕಾದದ್ದು 16ಕ್ಕೂ ಹೆಚ್ಚು ಜನ, ಇದ್ದದ್ದು 11. ಸಿಬ್ಬಂದಿ ಪಟ್ಟಿಯಲ್ಲಿ 13 ಎಂದು ತೋರಿಸುತ್ತಿದ್ದರು: ಒಬ್ಬರು 26 ವಾರಗಳ ಹೆರಿಗೆ ರಜೆಯಲ್ಲಿ, ಇನ್ನೊಬ್ಬರು ಆಪರೇಷನ್ ಥಿಯೇಟರಿನಲ್ಲಿ. ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಪಾಳಿಯ ಈ ಕೊರತೆಯನ್ನು ತುಂಬುತ್ತಿದ್ದದ್ದು ಡಬಲ್ ಡ್ಯೂಟಿ, ಇಲ್ಲವೇ ಖಾಲಿ ಜಾಗ. ಇದಕ್ಕೆ ‘ಗಮನವಿಲ್ಲ’ ಎಂಬ ಹೆಸರು ಅಗ್ಗದ್ದು.

ಆಕೆಗೆ ಕೊಟ್ಟ ಸಲಹೆ: ಮೆಮೊಗೆ ಉತ್ತರ ಕಾಲಕ್ರಮದಲ್ಲಿರಲಿ. ಎಷ್ಟನೇ ಗಂಟೆಯ ಡ್ಯೂಟಿ, ಎಷ್ಟು ರೋಗಿಗಳು, ಟ್ರೇಯಲ್ಲಿ ಯಾವ್ಯಾವ ಸಿರಿಂಜು, ತಪ್ಪು ಹೇಗೆ ಸಿಕ್ಕಿತು ಎಲ್ಲ ಬರಲಿ. ‘ನನ್ನ ನಿರ್ಲಕ್ಷ್ಯ’ ಎಂದು ಬರೆಯಬೇಡಿ. ಸ್ವೀಕೃತಿ ಮುದ್ರೆಯ ಪ್ರತಿ ಇಟ್ಟುಕೊಳ್ಳಿ. ಬಾಂಡ್ ವಿಷಯ ವಕೀಲರದ್ದು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಉಚಿತ. ನೈಟ್‌ಗೆ ಮುಂಚೆ 90 ನಿಮಿಷ ಮಲಗಿ, ನಸುಕಿನ 3 ಗಂಟೆಯ ನಂತರ ಕಾಫಿ ಬೇಡ, ಡಬಲ್ ಮುಗಿಸಿ ಸ್ಕೂಟರ್ ಓಡಿಸಬೇಡಿ. ರಾತ್ರಿ ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಆಕೆಯ ಒಪ್ಪಿಗೆ ಪಡೆದು ಚಾರ್ಟಿನ ಭಾಗ ಮಾತ್ರ ಆಡಳಿತದ ಮುಂದಿಟ್ಟೆವು. ಸತತ ನೈಟ್ ಮೂರಕ್ಕೆ ಮೀರಬಾರದು, ನಂತರ 48 ಗಂಟೆ ಬಿಡುವು. ಪಾಳಿ ಬೆಳಿಗ್ಗೆ, ಸಂಜೆ, ರಾತ್ರಿ ಎಂದು ಮುಂದಕ್ಕೇ ತಿರುಗಲಿ. ಚಾರ್ಟ್ ನಾಲ್ಕು ವಾರ ಮುಂಚೆ ಗೋಡೆಗೆ. ವಾರ್ಡಿನಲ್ಲಿ ಒಂದೇ ಸಾಂದ್ರತೆಯ ಇನ್ಸುಲಿನ್, ಅದಕ್ಕೆ ಹೊಂದುವ ಸಿರಿಂಜ್ ಮಾತ್ರ, ಎಳೆದ ಮೇಲೆ ಇಬ್ಬರ ಸಹಿ. ಸಂಬಳದ ಮಾತೂ ಬಂತು: ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ, 50ರಿಂದ 100 ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್ ಸಂಬಳ ಸರ್ಕಾರಿ ಸಂಬಳಕ್ಕಿಂತ ಕಡಿಮೆಯಿದ್ದರೂ ಅಂತರ ಶೇ. 25 ಮೀರಬಾರದು ಎಂದಿತ್ತು. ಅದು ಶಿಫಾರಸು, ನಿಜ. ಆದರೆ ಬಿಟ್ಟುಹೋಗುವವರು ಆ ಅಂತರ ನೋಡಿಯೇ ಹೋಗುತ್ತಾರೆ.

ಆಡಳಿತ ಮೆಮೊ ಹಿಂಪಡೆಯಿತು, ಪ್ರಮಾಣಪತ್ರ ಮರಳಿಸಿತು, ಇಬ್ಬರನ್ನು ನೇಮಿಸಿತು. ಸಂಬಳಕ್ಕೆ ಕೈ ಹಾಕಲಿಲ್ಲ. ಎರಡು ತಿಂಗಳ ನಂತರ ಆಕೆಯ ಪಿಎಚ್‌ಕ್ಯೂ-9 ಅಂಕ 6ಕ್ಕೆ ಇಳಿದಿತ್ತು. ರಾಜೀನಾಮೆಯನ್ನು ಮೂರು ತಿಂಗಳು ಮುಂದೂಡಿದ್ದಾರೆ, ಹಿಂದಕ್ಕೆ ಪಡೆದಿಲ್ಲ.